ಕೊಟ್ರೇಶನ ಸೆಲ್ ಇನ್ನೂ ನಡೆಯುತ್ತಿದೆ

ಸುದ್ದಿ ಕೇಳಿದಾಗ ಬೇರೆ ಯಾರೋ ಕೊಟ್ರೇಶ ಇರಬೇಕು ಅಂದುಕೊಂಡೆ...
ನಮ್ಮ ಸೀಮೆಯಲ್ಲಿ ಆ ಹೆಸರು ಹಿಡಿದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದಲ್ಲ...

ಅಲ್ಲ. ನಮ್ಮವನೇ.
ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ನನ್ನ ಜೊತೆ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದ ಹೊಳಲಿನ ಕೊಟ್ರೇಶ.
ಬ್ಯಾಟರಿ ಕೊಟ್ರೇಶ.

ನಿನ್ನೆ ಸಂಜೆ ಇಬ್ಬರೂ ಮಂಡಕ್ಕಿ ಮಿರ್ಚಿ ತಿಂದೆವು. "ಯಾಕೋ ಎದಿ ಉರಿಯಾಕತ್ತೈತಲೇ" ಅಂದ. ಸೋಡಾ ಕುಡಿದ. ಬೈಕ್ ಹತ್ತಿ ಹೋದ.
ಬೆಳಗ್ಗೆ ಅವನ ಭಾವಮೈದುನ ಫೋನ್ ಮಾಡಿದ.
ರಾತ್ರಿ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟನಂತೆ...

ಅವನು ಲ್ಯಾಬಿನಲ್ಲಿ ಏನು ಮಾಡುತ್ತಿದ್ದ ಅಂತ ಬಹಳ ಜನಕ್ಕೆ ಗೊತ್ತಿಲ್ಲ.
ಹೈಡ್ರೋಜನ್ ನುಂಗಿ ಇಟ್ಟುಕೊಳ್ಳುವ ಮಿಶ್ರಲೋಹಗಳಿವೆ. ಅವುಗಳ ಪುಡಿಯಿಂದ ಬ್ಯಾಟರಿಯ ಎಲೆಕ್ಟ್ರೋಡ್ ಮಾಡುತ್ತಾರೆ. ಚಾರ್ಜ್ ಮಾಡಿದಾಗ ನುಂಗುತ್ತದೆ, ಬಳಸಿದಾಗ ಬಿಡುತ್ತದೆ. ನುಂಗಿ, ಬಿಟ್ಟು, ನುಂಗಿ, ಬಿಟ್ಟು... ಕಣಗಳು ಬಿರಿಯುತ್ತವೆ. ಸುತ್ತಲಿನ ಕ್ಷಾರ ಅವನ್ನು ತಿಂದು ಹಾಕುತ್ತದೆ.
ಹಾಗಾಗದಿರಲಿ ಅಂತ ಇವನು ಆ ಪುಡಿಗೆ ನಿಕಲ್ ಲೇಪ ಕೊಡುತ್ತಿದ್ದ.

"ಈ ಲೇಪ ಅಂದ್ರ ಹೋಳಿಗಿ ಕಣಕ ಇದ್ದಂಗಲೇ... ತೆಳ್ಳಗಾದ್ರ ಹೂರಣ ಹೊರಗ, ದಪ್ಪಾದ್ರ ಬರೇ ಹಿಟ್ಟು."

ಎಷ್ಟೋ ಸಲ ಕೆಟ್ಟಿತು. ಲೋಹಕ್ಕೂ ನನಗೂ ಸೇರಿಸಿ ಬೈದು, ಮತ್ತೆ ಮಾಡುತ್ತಿದ್ದ.
ಈ ಸಲದ ಪುಡಿಯಿಂದ ಮಾಡಿದ ಸೆಲ್ಲನ್ನು ಮಿಷಿನ್ನಿಗೆ ಹಾಕಿ ಹಗಲೂ ರಾತ್ರಿ ಚಾರ್ಜ್ ಮಾಡಿ, ಖಾಲಿ ಮಾಡಿ ನೋಡುತ್ತಿದ್ದ; ಅದರ ಶಕ್ತಿಯ ಗ್ರಾಫ್ ಮಾತ್ರ ಇಳಿಯುತ್ತಲೇ ಇಲ್ಲ. ಎಲ್ಲಿಯತನಕ ತಾಳುತ್ತದೆ ನೋಡಬೇಕು ಅಂತ ಕಾಯುತ್ತಿದ್ದ.
ಆ ಪುಡಿ ಮುಗಿದಿದೆ. ಇರುವುದು ಅದೊಂದೇ ಸೆಲ್.

ಲೇ ಕೊಟ್ರಾ...
ಇವತ್ತು ಏನಾಯಿತು ಕೇಳು.
ನಿನಗಾಗಿ ಎಲ್ಲರೂ ಎದ್ದು ಮೌನವಾಗಿ ನಿಂತರು. ರಜೆ ಕೊಟ್ಟರು. ಯಾರಾದರೂ ಹೋದರೆ ಅವರ ವಿಭಾಗದ ಕರೆಂಟ್ ತೆಗೆದು ಬೀಗ ಹಾಕುವುದು ನಮ್ಮಲ್ಲಿ ರೂಢಿಯಲ್ಲವಾ... ಅಟೆಂಡರ್ ಬಸಣ್ಣ ಮೇನ್ ಸ್ವಿಚ್ ಮೇಲೆ ಕೈ ಇಟ್ಟಿದ್ದ.
"ಮಾಸ್ತರ ಹೋಗ್ಯಾರ. ಅವರ ಮಿಷಿನ್ ಹಂಗ ನಡೀಬಾರ್ದ್ರಿ ಸರ" ಅಂದ. ಅಳುತ್ತಿದ್ದ.
ಕೈ ಹಿಡಿದುಕೊಂಡೆ.
"ಬ್ಯಾಡ ಬಸಣ್ಣ. ನಡುವ ನಿಂತ್ರ ಅವನು ಮಾಡಿದ್ದೆಲ್ಲಾ ನೀರಾಗ ಹೋಮ ಆಕೈತಿ."

ಸತ್ತ ದಿನವೂ ಇವರಿಗೆ ಮಿಷಿನ್ ಚಿಂತೆ ಅಂತ ಯಾರೋ ಹಿಂದೆ ಗೊಣಗಿದರು. ಗೊಣಗಲಿ.
ಸೆಲ್ಲಿನಲ್ಲಿ ನೀರು ಆರಿ ಇಳಿದಿತ್ತು. ದಿನಾ ನೀನು ಹಾಕುವಷ್ಟೇ ಹಾಕಿದೆ. ಅಳು ಬರಲಿಲ್ಲ ಕಣೋ... ಯಾಕೋ ಗೊತ್ತಿಲ್ಲ.
ಬಸಣ್ಣ ಲೈಟು, ಫ್ಯಾನು ಎಲ್ಲ ಆರಿಸಿದ. ಆ ಮಿಷಿನ್ ಒಂದನ್ನು ಮಾತ್ರ ಹಾಗೇ ನಡೆಯಲು ಬಿಟ್ಟ.

ಮಧ್ಯಾಹ್ನ ಹೊಳಲಿನಲ್ಲಿ ಮಣ್ಣಾಯಿತು.
ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಆಗಲೂ ಏನೂ ಅನ್ನಿಸಲಿಲ್ಲ.

ಹೊರಡುವಾಗ ನಿನ್ನ ಹೆಂಡತಿ ಗಿರಿಜಾ ಕರೆದಳು.
"ಅಣ್ಣಾರ... ಅವರ ಸೆಲ್ಲು ಬಂದ್ ಮಾಡಿದ್ರೇನ್ರಿ?"
"ಇಲ್ಲವ್ವಾ. ನಡದೈತಿ."
"ಎಷ್ಟು ದಿನ ನಡೀತೈತ್ರಿ?"
"ಯಾರಿಗೆ ಗೊತ್ತವ್ವಾ... ಅದರ ಶಕ್ತಿ ಇಳಿಯೋತನ."

"ಇಳಿದ ದಿನ ನನಗೊಂದು ಫೋನ್ ಮಾಡ್ರಿ. ಅಲ್ಲೀತನ ಅವರು ಕಾಲೇಜಿನಾಗ ಅದಾರ ಅಂತ ತಿಳ್ಕೊಂತೀನಿ."

ಹೂಂ ಅಂದೆ.
ಹಡಗಲಿ ಬಸ್ಸಿನಲ್ಲಿ ಕೂತಮೇಲೆ ಗೊತ್ತಾಯಿತು, ಏನಕ್ಕೆ ಹೂಂ ಅಂದೆ ಅಂತ...
ಎಂಥ ಬ್ಯಾಟರಿಯೂ ಒಂದು ದಿನ ಇಳಿಯುತ್ತದೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಅವಳಿಗೆ ಗೊತ್ತಿಲ್ಲವೇನೋ.
ಆ ಫೋನ್ ನಾನು ಹೇಗೆ ಮಾಡಲಿ ಕೊಟ್ರಾ?

ನೀನು ನೆಮ್ಮದಿಯಿಂದ ಮಲಗು ಗೆಳೆಯಾ...
ಶಿವ ನಿನ್ನನ್ನು ತನ್ನ ಮಗ್ಗುಲಲ್ಲಿ ತಣ್ಣಗೆ ಇಟ್ಟುಕೊಳ್ಳಲಿ 🙏