ಫೋಟೋದಲ್ಲಿ ಅಪ್ಪನ ಹಣೆ ಎಲ್ಲಿ?

ಗೆಳೆಯರೇ, ಇವತ್ತು ಅಪ್ಪನ ತಿಥಿ. ರೀಲುಗಟ್ಟಲೆ ಫೋಟೋ ತೆಗೆದ ನನ್ನ ಮನೆಯಲ್ಲಿ ಪೂಜೆಗಿಡಲು ಅವರದೊಂದು ನೆಟ್ಟಗಿನ ಫೋಟೋ ಇಲ್ಲ! ಅಪ್ಪನ ಬೆರಳಿನ ಕ್ಲೋಸಪ್ ಇದೆ. ಸೈಕಲ್ ಮೇಲೆ ಅವರು ಮಸುಕಾಗಿ ಹಾದುಹೋಗುವುದಿದೆ. ಮುಖ ತೆಗೆಯುವುದು ಸ್ಟುಡಿಯೋದವರ ಕೆಲಸ ಎಂಬ ಜಂಬ ನನಗಿತ್ತು. ಕೊನೆಗೆ, ಸಿಂಹಗಡ ಕೋಟೆಯ ಮೇಲೆ ನಾನು ತೆಗೆದ, ಸೂರ್ಯಾಸ್ತಕ್ಕೆ ಅಡ್ಡವಾಗಿ ಬರೀ ಕಪ್ಪು ಆಕಾರವಾಗಿ ನಿಂತ ಅಪ್ಪನನ್ನೇ ಇಟ್ಟೆವು.

ಗಂಧ ಹಚ್ಚಲು ಹೋದ ಭಟ್ಟರು ಕೈ ತಡೆದರು. "ಇವರು ಈ ಕಡೆ ನೋಡ್ಲಿಕತ್ತಾರೋ, ಸೂರ್ಯನ ಕಡೆನೋ? ಹಣಿ ಎಲ್ಲಿ ಅದ್ರಿ?"

ನನಗೂ ನೆನಪಿರಲಿಲ್ಲ.

"ಈ ಕಡೇನ ನೋಡ್ಲಿಕತ್ತಾರ್ರೀ," ಎಂದ ಅವ್ವ ತಾನೇ ಗಂಧ ಹಚ್ಚಿದಳು. "ಮಗಾ ಫೋಟೋ ತೆಗೀಲಿಕತ್ತಾಗ ಅವರು ಸೂರ್ಯನ್ನ ಯಾಕ ನೋಡ್ತಾರ?"

ಆ ಸಂಜೆ ಕೋಟೆಯ ಮೇಲೆ ಸೂರ್ಯನನ್ನು ನೋಡುತ್ತಿದ್ದವನು ನಾನೊಬ್ಬನೇ.