ಮಧ್ಯಾಹ್ನದ ಅರುಂಧತಿ

ನಮ್ಮಪ್ಪ ತಾಯಲೂರಿನ ಆಸುಪಾಸಿನ ಹಳ್ಳಿಗಳಿಗೆಲ್ಲ ಪುರೋಹಿತರು. ತಾಳಿ ಕಟ್ಟಿಸಿ, ಸಪ್ತಪದಿ ಮುಗಿಸಿ, ಮದುಮಕ್ಕಳನ್ನು ಚಪ್ಪರದಾಚೆ ಕರೆತಂದು, ಉರಿಬಿಸಿಲಲ್ಲಿ ಉತ್ತರಕ್ಕೆ ಬೆರಳು ತೋರಿಸಿ, "ಅಗೋ ಅರುಂಧತಿ. ಕಾಣಿಸ್ತಾ?" ಎನ್ನುತ್ತಿದ್ದರು. ಹಸಿದ ನೆಂಟರು ಊಟದೆಲೆಗೆ ಕಾಯುತ್ತಿರುವಾಗ ಕಾಣಿಸಲಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಾಲ ಅದು. ನನ್ನ ಮದುವೆಯಲ್ಲಿ ಧಾರೆ ಎರೆದವರೂ ಅವರೇ, ಬೆರಳು ತೋರಿಸಿದವರೂ ಅವರೇ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನೂ ಛತ್ರದ ನೀರಿನ ಟ್ಯಾಂಕು ನೋಡುತ್ತಾ "ಕಾಣಿಸ್ತು" ಎಂದವಳೇ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪನ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಒಂದು ಸಂಜೆ, ಊಟಕ್ಕೆ ಮುಂಚೆ, ಕರೆಂಟು ಹೋಯಿತು. ಅಪ್ಪ, ಅಮ್ಮ, ನಾನು ತಾರಸಿಯ ಮೇಲೆ ಚಾಪೆ ಹಾಸಿಕೊಂಡೆವು. ಕೆರೆಯ ಕಡೆಯಿಂದ ತಂಗಾಳಿ. ಊರೇ ಕರಗಿಹೋಗಿ ಬರೀ ಚುಕ್ಕಿಗಳು ಉಳಿದಿದ್ದವು. ನಾನು ಕೂತಿದ್ದೇನೋ ತೇಲುತ್ತಿದ್ದೇನೋ ತಿಳಿಯಲಿಲ್ಲ.

ಅಪ್ಪ ಮೆಲ್ಲಗೆ, "ಅರುಂಧತಿ ಎಲ್ಲಿದೆ ತೋರಿಸೇ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

"ನಾನು ನೋಡೇ ಇಲ್ಲ ಕಣೇ. ನಮ್ಮಪ್ಪ ಉತ್ತರಕ್ಕೆ ಕೈ ತೋರ್ಸು ಅಂದ್ರು, ತೋರಿಸ್ದೆ. ಪುರೋಹಿತ ಆಗಿ ಇನ್ಯಾರನ್ನ ಕೇಳ್ಲಿ? ಅಷ್ಟು ಜನರ ಬಾಯಲ್ಲಿ ಸುಳ್ಳು ಹೇಳಿಸಿದ್ನೋ ಏನೋ. ಕಣ್ಣು ಹೋಗೋದ್ರೊಳಗೆ ಒಂದ್ಸಲ ನೋಡ್ಬೇಕು."

ಸಪ್ತರ್ಷಿಗಳು ಆಗಲೇ ಮೇಲೇರಿದ್ದರು. ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕೆ ಒತ್ತಿಕೊಂಡಂತಿರುವ ಸಣ್ಣ ಮಂಕು ಚುಕ್ಕಿಯೇ ಅರುಂಧತಿ ಎಂದು ತೋರಿಸಿದೆ. ಅಮ್ಮನಿಗೆ ತಕ್ಷಣ ಸಿಕ್ಕಿತು. ಅಪ್ಪ ಹುಬ್ಬಿಗೆ ಅಂಗೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ, "ಹ್ಞೂಂ, ಕಾಣಿಸ್ತು" ಎಂದರು.

ಅವರ ಮುಖ ಪಕ್ಕದ ಮನೆಯ ತೆಂಗಿನಮರದ ಕಡೆಗಿತ್ತು.

ಅಮ್ಮ ಹತ್ತಿರ ಸರಿದು ಅವರ ಕೈ ಹಿಡಿದು, ತೋರುಬೆರಳನ್ನು ಮೆಲ್ಲಗೆ ನಕ್ಷತ್ರದ ನೇರಕ್ಕೆ ತಂದಳು.

"ನಿಜವಾಗ್ಲೂ ಇದೆಯೇನೇ?" ಅಪ್ಪ ಕೇಳಿದರು.

ಮನಸ್ಸು ಕರಗಿದರೆ ಅಮ್ಮನ ಬಾಯಿಗೆ ತವರಿನ ತೆಲುಗು ಬರುತ್ತದೆ. "ಉಂದಂಡಿ," ಎಂದಳು. "ಇದೆ ರೀ. ನೀವು ತೋರಿಸ್ತಿದ್ದ ದಿಕ್ಕಲ್ಲೇ ಇದೆ."