ಬಾಣಂತಿಹಳ್ಳವನ್ನು ಕೂಗಿ ಕರೆದ ದಿನ

ನಮ್ಮೂರ ಹಳ್ಳಕ್ಕೆ ಒಂದೇ ಹೆಸರಿರಲಿಲ್ಲ. ಹುಳಿಮಾವು ಕೆರೆ ಕೋಡಿ ಬಿದ್ದು ಹೊರಟ ನೀರು ಮೊದಲು ಕೋಡಿಹಳ್ಳ. ರಾಗಿ ಹೊಲಗಳ ನಡುವೆ ತಿರುಗಿ, ನಮ್ಮ ಮನೆಗಳ ಹಿಂದಿನ ಹೊಂಗೆಮರದ ಕೆಳಗೆ ಬಂದಾಗ ಬಾಣಂತಿಹಳ್ಳ. ಬಟ್ಟೆ ಒಗೆಯುವ ಬಂಡೆಗಳನ್ನು ದಾಟಿ ಮಡಿವಾಳದ ಕೆರೆ ಸೇರುವವರೆಗೆ ಬಂಡೆಹಳ್ಳ. ಹೆತ್ತವಳು ಹೊಂಗೆಮರದ ಕೆಳಗೆ ಗಂಗೆಪೂಜೆ ಮಾಡಿ, ಬಿಂದಿಗೆ ತುಂಬಿಕೊಂಡು ಬಂದ ಮೇಲೆಯೇ ಮನೆಗೆಲಸಕ್ಕೆ ಕೈ ಹಾಕುತ್ತಿದ್ದಳು. ತುಂಬುವಾಗ ಮೂರು ಹೆಸರನ್ನೂ ಗಟ್ಟಿಯಾಗಿ ಕೂಗಬೇಕು. ಈ ಪೂಜೆಗಳಿಗೆಲ್ಲ ಮುಂದೆ ನಿಲ್ಲುತ್ತಿದ್ದವಳು ನನ್ನ ಅಮ್ಮ. ಒಂದು ಹೆಸರು ಬಿಟ್ಟರೂ ನೀರು ಚೆಲ್ಲಿಸಿ ಮೊದಲಿನಿಂದ ಶುರು ಮಾಡಿಸುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಹೊಲಗಳೆಲ್ಲ ಸೈಟುಗಳಾದವು. ಹೊಸ ಮನೆಗಳ ಬಚ್ಚಲ ನೀರು ಹಳ್ಳಕ್ಕೆ ಬಿತ್ತು. ಆ ನೀರು ಬಿಟ್ಟವರೇ ಹಳ್ಳವನ್ನು ಮೋರಿ ಎಂದರು. ಬಸ್ ಕಂಡಕ್ಟರ್ ಕೂಡ "ಮೋರಿ ಸ್ಟಾಪ್" ಎಂದು ಕೂಗತೊಡಗಿದ. ನನಗೆ ಮೈ ಉರಿಯುತ್ತಿತ್ತು. ಆ ಹೆಸರು ಹೇಳಿ ಟಿಕೆಟ್ ತೆಗೆದುಕೊಳ್ಳುವ ಬದಲು ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುತ್ತಿದ್ದೆ.

ಜಯನಗರಕ್ಕೆ ಸೊಸೆಯಾಗಿ ಹೋಗಿದ್ದ ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದೆ. ಗಂಗೆಪೂಜೆಯ ದಿನ ಅತ್ತೆಯೂ ಬಂದರು, ಮೂಗಿಗೆ ಸೆರಗು ಹಿಡಿದುಕೊಂಡೇ.

"ಆ ಮೋರಿಗೆ ಯಾಕಮ್ಮ ಹೋಗ್ತೀಯ? ನಲ್ಲಿಗೆ ಅರಿಶಿನ ಕುಂಕುಮ ಇಟ್ರೆ ಆಯ್ತಪ್ಪ. ನಮ್ಮ ಕಡೆ ಎಲ್ರೂ ಹಾಗೇ ಮಾಡೋದು" ಎಂದರು.

ಅಮ್ಮ ಹೆಣ್ಣು ಕೊಟ್ಟವಳು, ಪಾಪ. ಬಿಂದಿಗೆಯನ್ನು ನಲ್ಲಿಯ ಕಡೆ ಸರಿಸಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಗಲೀಜು ಮಾಡ್ದೋರೇ ಹೆಸ್ರೂ ಇಡ್ತಾರಾ ಅತ್ತೆ? ನಾನು ಹಳ್ಳಕ್ಕೇ ಹೋಗ್ತೀನಿ" ಎಂದವಳೇ ಪೂಜೆಯ ತಟ್ಟೆ ಹಿಡಿದು, ಬಿಂದಿಗೆ ಎತ್ತಿ ಸೊಂಟಕ್ಕಿಟ್ಟು ಒಬ್ಬಳೇ ಹೊರಟೆ.

ಹೊಂಗೆಮರದ ಕೆಳಗೆ ನೀರು ಕಪ್ಪಗೆ, ಸೋಪಿನ ನೊರೆ ಹೊತ್ತು ಹರಿಯುತ್ತಿತ್ತು. ವಾಸನೆ ಇರಲಿಲ್ಲ ಎಂದು ಸುಳ್ಳು ಹೇಳಲಾರೆ. ಎದುರು ಮನೆಯ ತಾರಸಿಯಿಂದ ಯಾರೋ ಬಗ್ಗಿ ನೋಡಿ, "ಏನಮ್ಮ, ಮೋರಿಗೆ ಪೂಜೆನಾ?" ಎಂದು ನಕ್ಕರು.

"ನಿಮ್ಮನೆ ಪೈಪ್ ಬರೋಕ್ ಮುಂಚೆ ಇದು ಹಳ್ಳ, ಸಾರ್" ಎಂದೆ.

ವೀಳ್ಯದೆಲೆಯ ಮೇಲೆ ಅರಿಶಿನ ಕುಂಕುಮ ಇಟ್ಟು ಬಿಂದಿಗೆ ಮುಳುಗಿಸಿದೆ. ಕೋಡಿಹಳ್ಳ ಎಂದು ಕೂಗಿದೆ. ಬಾಣಂತಿಹಳ್ಳ ಎನ್ನುವಾಗ ಅಳು ಬಂತು. ಮೂರನೆಯ ಹೆಸರು ಕೂಗುವುದು ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಬಿಂದಿಗೆ ತುಂಬಿಬಿಟ್ಟಿತ್ತು.

ಬೆನ್ನ ಹಿಂದೆ ಹೆಜ್ಜೆ ಸದ್ದಾಯಿತು. ತಿರುಗಿ ನೋಡಿದರೆ, ಮಗುವನ್ನು ಎತ್ತಿಕೊಂಡು ಅಮ್ಮ ನಿಂತಿದ್ದಳು. ಅವಳ ಹಿಂದೆ, ಸೆರಗು ಮೂಗಿಗೆ ಹಿಡಿದೇ ಅತ್ತೆ.

"ಚೆಲ್ಲು ಅದನ್ನ" ಎಂದಳು ಅಮ್ಮ. "ಮೊದ್ಲಿಂದ ಕೂಗು. ನಿಮ್ಮತ್ತೆಗೂ ಕೇಳಿಸ್ಬೇಕು."